ಮದುವೆ ಅಸಿಂಧು, ಮಕ್ಕಳಲ್ಲ

ಪುತ್ತೂರು, ಸುಳ್ಯ ಸೀಮೆಯ ಅಳಿಯಸಂತಾನ ಮನೆತನಗಳಲ್ಲಿ ಹಿಂದೆ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರುತ್ತಿದ್ದರು. ತಂದೆ ಕೈಬಿಟ್ಟರೂ ತಾಯಿಮನೆಯ ಆಸ್ತಿಯ ಆಸರೆಯಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಹಾಗೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಬಳಿಕ ಕುಟುಂಬದ ಆಸ್ತಿ ಪಾಲಾಗುತ್ತ ಬಂತು. 2018ರಲ್ಲಿ ಹೊಸ ತಾಲೂಕಾದ ಕಡಬವೂ ಸೇರಿದಂತೆ ಈ ಭಾಗದಲ್ಲಿ ಇಂದು ಸೈನಿಕನ ಸಂಸಾರಕ್ಕೆ ಆತನ ಸಂಬಳವೇ ಆಧಾರ. ಅವನ ಮದುವೆಯೇ ಕಾನೂನಿನಲ್ಲಿ ನಿಲ್ಲದಿದ್ದರೆ?

ಮೊದಲ ಪತ್ನಿ ಬದುಕಿರುವಾಗ ವಿಚ್ಛೇದನವಿಲ್ಲದೆ ಆದ ಎರಡನೇ ಮದುವೆ, 1955ರ ಹಿಂದೂ ವಿವಾಹ ಕಾಯ್ದೆಯ 11ನೇ ಕಲಮಿನಂತೆ ಅಸಿಂಧು. ಊರೆಲ್ಲ ಸೇರಿ ಧಾರೆ ಎರೆದಿದ್ದರೂ, ಪಡಿತರ ಚೀಟಿಯಲ್ಲಿ ಹೆಸರಿದ್ದರೂ ಅಷ್ಟೇ. ಆಕೆಗೆ ಕುಟುಂಬ ಪಿಂಚಣಿ ಸಿಗದು. ಆದರೆ ಅದೇ ಕಾಯ್ದೆಯ 16ನೇ ಕಲಂ ಮಕ್ಕಳನ್ನು ಸಕ್ರಮ ಸಂತಾನವೆಂದೇ ಪರಿಗಣಿಸುತ್ತದೆ. ಬಿಹಾರದ ಸರಕಾರಿ ನೌಕರನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲಿ ಇಂಥ ಮಕ್ಕಳಿಗೂ ಕುಟುಂಬ ಪಿಂಚಣಿಯಲ್ಲಿ ಪಾಲಿದೆಯೆಂದು ತೀರ್ಪಿತ್ತಿತು.

ತಂದೆ ಸೇವೆಯಲ್ಲಿರುವಾಗಲೂ ದಾರಿಯಿದೆ. 1950ರ ಸೇನಾ ಕಾಯ್ದೆಯ 28ನೇ ಕಲಮಿನಂತೆ ಸಿವಿಲ್ ನ್ಯಾಯಾಲಯ ಸೈನಿಕನ ಸಂಬಳವನ್ನು ಜಪ್ತಿ ಮಾಡುವಂತಿಲ್ಲ. ಅದರ ಬದಲು, ಪತ್ನಿಯ ಮತ್ತು ಸಕ್ರಮವಿರಲಿ ಅಕ್ರಮವಿರಲಿ, ಮಗುವಿನ ಜೀವನಾಂಶಕ್ಕಾಗಿ ಸಂಬಳದಿಂದ ಹಣ ಕಡಿತ ಮಾಡುವ ಅಧಿಕಾರ 90 ಮತ್ತು 91ನೇ ಕಲಮಿನಂತೆ ಸೇನೆಗೇ ಇದೆ.

ಜೀವನಾಂಶದ ಅರ್ಜಿಯನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ತಾಯಿ ತಾನಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ಸಲ್ಲಿಸಬಹುದು. ಗಂಡ ಕಾಶ್ಮೀರದಲ್ಲಿದ್ದರೂ ಅಲ್ಲಿಗೆ ಹೋಗಬೇಕಿಲ್ಲ. ಮೊದಲ ಮದುವೆಯನ್ನು ಮುಚ್ಚಿಟ್ಟು ಮೋಸ ಮಾಡಿದವನು, ಮದುವೆ ಅಸಿಂಧು ಎಂಬ ನೆಪದಲ್ಲಿ ಆಕೆಗೆ ಜೀವನಾಂಶ ತಪ್ಪಿಸುವಂತಿಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಆಸ್ತಿಯ ವಿಚಾರದಲ್ಲಿ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣ ಮುಖ್ಯವಾದುದು. ಕೂಡುಕುಟುಂಬದ ಆಸ್ತಿಯಲ್ಲಿ ತಂದೆಗೆ ಬರಬೇಕಾದ ಪಾಲಿನಲ್ಲಿ ಈ ಮಕ್ಕಳಿಗೂ ಹಕ್ಕಿದೆ, ಇತರ ಸದಸ್ಯರ ಪಾಲಿನಲ್ಲಿಲ್ಲ ಎಂದು 2023ರ ಸೆಪ್ಟೆಂಬರ್ 1ರಂದು ತೀರ್ಪು ಬಂತು.

ತೊಡಕೂ ಇಲ್ಲದಿಲ್ಲ. ಎರಡನೇ ಮದುವೆಯ ಸುದ್ದಿ ತಿಳಿದರೆ ಸೇನೆ ಶಿಸ್ತುಕ್ರಮ ಕೈಗೊಳ್ಳಬಹುದು. ನೌಕರಿಯೇ ಹೋದರೆ ಕಡಿತ ಮಾಡಲು ಸಂಬಳವೇ ಇರದು. ಎರಡೂ ಮನೆಗಳ ಒಲೆ ಆರುತ್ತದೆ. ಆದುದರಿಂದ ಹೆಜ್ಜೆ ಇಡುವ ಮುನ್ನ ವಕೀಲರ ಸಲಹೆ ಅಗತ್ಯ. ಮಹಿಳೆಯರಿಗೂ ಮಕ್ಕಳಿಗೂ ತಾಲೂಕು ಕಾನೂನು ಸೇವಾ ಸಮಿತಿಯ ನೆರವು ಉಚಿತ, ಆದಾಯದ ಮಿತಿಯಿಲ್ಲ. ಅಲ್ಲಿಗೆ ಹೋಗುವಾಗ ತಾಯಿಯ ಕೈಯಲ್ಲಿ ಇರಲೇಬೇಕಾದ ಕಾಗದವೆಂದರೆ, ತಂದೆಯ ಹೆಸರಿರುವ ಮಗುವಿನ ಜನನ ಪ್ರಮಾಣಪತ್ರ.