ಶೇಕ್ಸ್‌ಪಿಯರ್ ಬರೆದಿದ್ದು ಶೇಕ್ಸ್‌ಪಿಯರೇನಾ?

ಕುವೆಂಪು ಅವರ ‘ರಕ್ತಾಕ್ಷಿ’ ಓದಿದವರಿಗೆ ಅದು ‘ಹ್ಯಾಮ್ಲೆಟ್’ನ ರೂಪಾಂತರ ಅಂತ ಗೊತ್ತಿರುತ್ತೆ. ‘ಬಿರುಗಾಳಿ’ಯ ಮೂಲ ‘ಟೆಂಪೆಸ್ಟ್’. ಆ ಮೂಲಗಳನ್ನ ಬರೆದಿದ್ದು ಯಾರು ಅಂದ್ರೆ ಶೇಕ್ಸ್‌ಪಿಯರ್ ಅಂತೀವಿ. ಆದ್ರೆ ಅವನಲ್ಲ, ಯಾರೋ ದೊಡ್ಡ ಮನುಷ್ಯ ಬರೆದು ಈ ನಟನ ಹೆಸರು ಹಾಕಿಸಿದ್ದಾನೆ ಅನ್ನೋ ವಾದ ಒಂದೂವರೆ ಶತಮಾನಕ್ಕಿಂತ ಹೆಚ್ಚು ಕಾಲದಿಂದ ನಡೀತಿದೆ. ಮಾರ್ಕ್ ಟ್ವೈನ್ 1909ರಲ್ಲಿ ಇದರ ಬಗ್ಗೆ ಒಂದು ಪುಸ್ತಕಾನೇ ಬರೆದ. ಸಿಗ್ಮಂಡ್ ಫ್ರಾಯ್ಡ್ ಕೂಡ ಇದನ್ನ ನಂಬಿದ್ದ.

ಅನುಮಾನ ಹುಟ್ಟೋದು ಸಿಕ್ಕಿರೋದರಿಂದ ಅಲ್ಲ, ಸಿಗದೆ ಇರೋದರಿಂದ. ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಅನ್ನೋ ಸಣ್ಣ ಊರು, ಅಪ್ಪ ಕೈಗವಸು ಮಾಡೋನು. ಮಗ ಯೂನಿವರ್ಸಿಟಿಗೆ ಹೋಗಿಲ್ಲ. ಅಲ್ಲಿನ ಶಾಲೆಯ ಆ ಕಾಲದ ಹಾಜರಿ ಪುಸ್ತಕ ಉಳಿದಿಲ್ಲ. ಅವನು ಬರೆದ ಒಂದು ಪತ್ರವೂ ಇಲ್ಲ. ಖಚಿತವಾಗಿ ಅವನದೇ ಅನ್ನೋ ಸಹಿಗಳು ಆರು, ಅವುಗಳಲ್ಲೂ ಸ್ಪೆಲಿಂಗ್ ಬೇರೆ ಬೇರೆ. 1616ರ ಉಯಿಲಿನಲ್ಲಿ ಹೆಂಡತಿಗೆ ತನ್ನ ‘ಎರಡನೇ ಅತ್ಯುತ್ತಮ’ ಮಂಚ ಬರೆದಿಟ್ಟಿದ್ದಾನೆ, ಪುಸ್ತಕಗಳ ಸುದ್ದಿಯೇ ಇಲ್ಲ. ಇಂಥವನಿಗೆ ಇಟಲಿ, ಕಾನೂನು, ಅರಮನೆ ಎಲ್ಲ ಹೇಗೆ ಗೊತ್ತು?

1857ರಲ್ಲಿ ಅಮೆರಿಕದ ಡೀಲಿಯಾ ಬೇಕನ್ ಪುಸ್ತಕ ಬರೆದು, ಇದರ ಹಿಂದೆ ಫ್ರಾನ್ಸಿಸ್ ಬೇಕನ್ ಮತ್ತು ಅವನ ಗುಂಪು ಇದೆ ಅಂದಳು. 1920ರಲ್ಲಿ ಲೂನಿ ಅನ್ನೋ ಮೇಷ್ಟ್ರು, ಬೇಕನ್ ಅಲ್ಲ, ಆಕ್ಸ್‌ಫರ್ಡ್‌ನ ಅರ್ಲ್ ಎಡ್ವರ್ಡ್ ಡಿ ವೆರ್ ಅಂದ. ನಾಟಕಕಾರ ಮಾರ್ಲೋ ಅನ್ನೋರೂ ಇದ್ದಾರೆ.

ಇದರ ಅಡಿಯಲ್ಲಿರೋ ಪ್ರಶ್ನೆ ನನಗೆ ಸ್ವಲ್ಪ ಚುಚ್ಚುತ್ತೆ: ಸಣ್ಣೂರಿನ ಕೈಗವಸಿನವನ ಮಗ ಇಷ್ಟೆಲ್ಲ ಬರೆಯೋಕೆ ಸಾಧ್ಯಾನಾ? ತಾಲ್ಲೂಕಿನಿಂದ ಬಂದ ಹುಡುಗನ ಪ್ರಾಜೆಕ್ಟ್ ಚೆನ್ನಾಗಿದ್ರೆ “ಯಾರು ಮಾಡಿಕೊಟ್ರು?” ಅಂತ ಮೊದಲು ಕೇಳ್ತಾರಲ್ಲ, ಅದೇ ಧಾಟಿ. ಆ ಕಾಲದ ಗ್ರಾಮರ್ ಸ್ಕೂಲ್‌ಗಳಲ್ಲಿ ದಿನವಿಡೀ ಲ್ಯಾಟಿನ್ ಅರೆದು ಕುಡಿಸ್ತಿದ್ರು. ಅವನ ಜೊತೆಗಾರ ಬೆನ್ ಜಾನ್ಸನ್‌ನ ಮಲತಂದೆ ಗಾರೆ ಕೆಲಸದವನು. ಅವನ ನಾಟಕ ಅವನದಲ್ಲ ಅಂತ ಯಾರೂ ಹೇಳಲ್ಲ. ಇನ್ನು ಮಾರ್ಲೋ? ಅವನೂ ಶೂ ಹೊಲಿಯೋನ ಮಗ!

ನಮ್ಮಂಥವರಿಗೆ ಇಷ್ಟ ಆಗೋ ಭಾಗ ಈಗ ಬರುತ್ತೆ. ಮೆಂಡೆನ್‌ಹಾಲ್ ಅನ್ನೋ ಅಮೆರಿಕದ ಭೌತವಿಜ್ಞಾನಿ ವೂಸ್ಟರ್‌ನ ಒಂದು ಇಂಜಿನಿಯರಿಂಗ್ ಕಾಲೇಜಿನ ಮುಖ್ಯಸ್ಥನಾಗಿದ್ದ. ಬೆಳಕಿನ ಸ್ಪೆಕ್ಟ್ರಮ್ ನೋಡಿ ಯಾವ ಧಾತು ಅಂತ ಹೇಳೋ ಹಾಗೆ, ಪದಗಳ ಉದ್ದ ಎಣಿಸಿ ಯಾವ ಲೇಖಕ ಅಂತ ಹೇಳಬಹುದು ಅನ್ನೋದು ಅವನ ಐಡಿಯಾ. ಒಂದಕ್ಷರದ ಪದ ಎಷ್ಟು, ಎರಡಕ್ಷರದ್ದು ಎಷ್ಟು ಅಂತ ಗ್ರಾಫ್ ಹಾಕೋದು, ಅಷ್ಟೇ. ಕಂಪ್ಯೂಟರ್ ಇರ್ಲಿಲ್ಲ. ಇಬ್ಬರು ಹೆಂಗಸರು ಕೂತು, ಒಬ್ಬರು ಪದದ ಉದ್ದ ಹೇಳೋದು, ಇನ್ನೊಬ್ಬರು ಮಷಿನ್‌ನ ಬಟನ್ ಒತ್ತೋದು. ಹೀಗೆ ಲಕ್ಷಗಟ್ಟಲೆ ಪದ ಎಣಿಸಿದ್ರು! 1901ರಲ್ಲಿ ಫಲಿತಾಂಶ ಬಂತು. ಶೇಕ್ಸ್‌ಪಿಯರ್‌ನಲ್ಲಿ ನಾಲ್ಕಕ್ಷರದ ಪದಗಳೇ ಹೆಚ್ಚು, ಬೇಕನ್‌ನಲ್ಲಿ ಮೂರಕ್ಷರದವು. ಇಬ್ಬರ ಗ್ರಾಫ್‌ಗೂ ಸಂಬಂಧವೇ ಇಲ್ಲ. ಮಾರ್ಲೋನ ಗ್ರಾಫ್ ಮಾತ್ರ ಶೇಕ್ಸ್‌ಪಿಯರ್‌ದರ ಮೇಲೆ ಸರಿಯಾಗಿ ಕೂತಿತು.

ಹಾಗಾದ್ರೆ ಮಾರ್ಲೋನೇ? ಅವನು 1593ರಲ್ಲೇ ಚಾಕು ಇರಿತಕ್ಕೆ ಸತ್ತ. (ಸಾವು ನಾಟಕ ಅಂತಾರೆ ಅವನ ಪಕ್ಷದವರು.) ನಿಜವಾದ ತೊಂದರೆ ಪ್ರಯೋಗದಲ್ಲೇ ಇತ್ತು. ಬೇಕನ್ ಬರೆದಿದ್ದು ಗದ್ಯ. ಉಳಿದಿಬ್ಬರ ನಾಟಕ ಬಹುಪಾಲು ಪದ್ಯ. 1975ರಲ್ಲಿ ವಿಲಿಯಮ್ಸ್ ಅನ್ನೋ ವಿಜ್ಞಾನಿ ಫಿಲಿಪ್ ಸಿಡ್ನಿಯ ಗದ್ಯ, ಪದ್ಯ ಎರಡನ್ನೂ ಎಣಿಸಿ ನೋಡಿದ್ರು. ಒಬ್ಬನೇ ಬರೆದಿದ್ರೂ ಅಂಥದ್ದೇ ವ್ಯತ್ಯಾಸ! ಲ್ಯಾಬ್‌ನಲ್ಲಿ ಎರಡು ವೇರಿಯಬಲ್ ಒಟ್ಟಿಗೆ ಬದಲಾಯಿಸಿ ರೀಡಿಂಗ್ ತಗೊಂಡ ಹಾಗಾಯ್ತು.

ಆಕ್ಸ್‌ಫರ್ಡ್ ವಾದಕ್ಕೆ ಎಣಿಕೆಯೂ ಬೇಡ, ಕ್ಯಾಲೆಂಡರ್ ಸಾಕು. ಅರ್ಲ್ ಸತ್ತಿದ್ದು 1604ರಲ್ಲಿ. 1609ರಲ್ಲಿ ಬರ್ಮುಡಾ ಹತ್ತಿರ ಒಡೆದ ಹಡಗಿನ ವರದಿಗಳ ನೆರಳು ‘ಟೆಂಪೆಸ್ಟ್’ನಲ್ಲಿದೆ ಅಂತ ಹೆಚ್ಚಿನ ವಿದ್ವಾಂಸರು ಒಪ್ತಾರೆ.

ಶೇಕ್ಸ್‌ಪಿಯರ್ ಪರ ಇರೋ ಸಾಕ್ಷಿ ಆಡಂಬರದ್ದಲ್ಲ. ಅದೇ ಉಯಿಲಿನಲ್ಲಿ ಹೆಮಿಂಜಸ್, ಕಾಂಡೆಲ್ ಅನ್ನೋ ಜೊತೆ ನಟರಿಗೆ ಉಂಗುರಕ್ಕೆ ಅಂತ ದುಡ್ಡು ಬಿಟ್ಟಿದ್ದಾನೆ. 1623ರಲ್ಲಿ ಅದೇ ಇಬ್ಬರು ಗೆಳೆಯನ 36 ನಾಟಕ ಒಟ್ಟು ಮಾಡಿ ಅಚ್ಚು ಹಾಕಿಸಿದ್ರು. ಅರ್ಧದಷ್ಟು ಅಲ್ಲಿವರೆಗೆ ಅಚ್ಚೇ ಆಗಿರ್ಲಿಲ್ಲ, ‘ಮ್ಯಾಕ್‌ಬೆತ್’ ಕೂಡ. ಅವನನ್ನ ಚೆನ್ನಾಗಿ ಬಲ್ಲ ಬೆನ್ ಜಾನ್ಸನ್ ಅದೇ ಪುಸ್ತಕದ ಪದ್ಯದಲ್ಲಿ ಅವನನ್ನ ಏವನ್ ನದಿಗೆ, ಅಂದ್ರೆ ಸ್ಟ್ರಾಟ್‌ಫರ್ಡಿನ ನದಿಗೆ, ಜೋಡಿಸಿ ಹೊಗಳಿದ್ದಾನೆ.

ಹಾಗಂತ ಎಲ್ಲ ಅವನೊಬ್ಬನೇ ಬರೆದ ಅಂತಲ್ಲ. 1634ರಲ್ಲಿ ಅಚ್ಚಾದ ‘ದಿ ಟೂ ನೋಬಲ್ ಕಿನ್ಸ್‌ಮೆನ್’ ಮೇಲೆ ಫ್ಲೆಚರ್ ಹೆಸರೂ ಇದೆ. 2016ರ ‘ನ್ಯೂ ಆಕ್ಸ್‌ಫರ್ಡ್ ಶೇಕ್ಸ್‌ಪಿಯರ್’ ಆವೃತ್ತಿ ‘ಹೆನ್ರಿ 6’ರ ಮೂರೂ ಭಾಗಗಳಿಗೆ ಮಾರ್ಲೋನ ಹೆಸರನ್ನ ಸಹಲೇಖಕ ಅಂತ ಸೇರಿಸಿತು, ಎಲ್ಲರೂ ಒಪ್ಪಿಲ್ಲ ಅನ್ನೋದು ಬೇರೆ ಮಾತು. ‘ಹೆನ್ರಿ 8’ರಲ್ಲಿ ಇಬ್ಬರ ಕೈ ಇದೆ, ಇನ್ನೊಬ್ಬ ಫ್ಲೆಚರ್ ಅಂತ 1850ರಲ್ಲೇ ದೃಶ್ಯ ದೃಶ್ಯವಾಗಿ ಬೇರ್ಪಡಿಸಿ ತೋರಿಸಿದವನು ಜೇಮ್ಸ್ ಸ್ಪೆಡ್ಡಿಂಗ್. ಇವನ ಬದುಕಿನ ದೊಡ್ಡ ಕೆಲಸ ಫ್ರಾನ್ಸಿಸ್ ಬೇಕನ್‌ನ ಸಮಗ್ರ ಬರಹಗಳ ಸಂಪಾದನೆ. ಬೇಕನ್‌ನನ್ನ ಅಷ್ಟು ಓದಿದವನೇ, ಈ ನಾಟಕಗಳು ಬೇಕನ್‌ದಲ್ಲವೇ ಅಲ್ಲ ಅಂದುಬಿಟ್ಟ.