ಹೊಳೆ ಕೆರೆಯಾದ ಮೇಲೆ
ಹೇಮಾವತಿಯ ಹಿನ್ನೀರಿನ ಊರುಗಳು ಮತ್ತು ಮಲೆಯ ಗದ್ದೆಗಳ ಕಥೆ

ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕು ಪಶ್ಚಿಮಘಟ್ಟದ ನೆತ್ತಿಯ ಮೇಲಿರುವ ಸೀಮೆ. ಇಲ್ಲಿ ಸುರಿದ ಮಳೆಗೆ ಎರಡು ದಾರಿಗಳು. ಘಟ್ಟದ ಪಡುವಣ ಮಗ್ಗುಲಿಗೆ ಇಳಿದ ನೀರು ಹಳ್ಳಕೊಳ್ಳಗಳನ್ನು ಹಾಯ್ದು ನೇತ್ರಾವತಿಯ ಪಾಲಾಗಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಮೂಡಣಕ್ಕೆ ಹರಿದದ್ದು ಹೇಮಾವತಿಯನ್ನು ಕೂಡಿಕೊಂಡು ಕಾವೇರಿಯ ಕಡೆಗೆ ನಡೆಯುತ್ತದೆ. ಹಾನುಬಾಳು ಹೋಬಳಿಯ ನಮ್ಮ ಮನೆತನಗಳಿಗೆ ಹೇಮಾವತಿ ದೂರದ ನದಿಯಲ್ಲ. ಮೂಡಿಗೆರೆ ಸೀಮೆಯಲ್ಲಿ ಹುಟ್ಟಿ, ಸಕಲೇಶ್ವರ ಸ್ವಾಮಿಯ ಸನ್ನಿಧಿಯ ಪಕ್ಕದಲ್ಲಿ ಹರಿದು ಹೋಗುವ ಈ ಹೊಳೆಯ ದಂಡೆಯುದ್ದಕ್ಕೂ ನಮ್ಮ ನೆಂಟಸ್ತಿಕೆಗಳು ಹಬ್ಬಿವೆ. ಮೇಲಿನ ಮಲೆಯ ಹೆಣ್ಣು ಕೆಳಗಿನ ಆಲೂರು ಸೀಮೆಗೆ ಸೊಸೆಯಾಗಿ ಹೋಗುವುದು, ಅಲ್ಲಿಯ ಮಗಳು ಇಲ್ಲಿಗೆ ಬರುವುದು ತಲೆಮಾರುಗಳಿಂದ ನಡೆದು ಬಂದಿದೆ.

ಆ ಹೊಳೆ ಸುಮಾರು ಅರ್ಧ ಶತಮಾನದ ಹಿಂದೆ ಆಲೂರಿನ ಕೆಳಗಣ ಬಯಲಿನಲ್ಲಿ ನಿಂತ ನೀರಾಯಿತು. ನೀರು ನಿಂತ ಮೇಲೆ ದಂಡೆಯ ಊರುಗಳ ಬದುಕು ಏನಾಯಿತು, ಆ ಬದಲಾವಣೆಯಲ್ಲಿ ಮೇಲಿನ ಮಲೆಯವರಾದ ನಮಗೆ ತಿಳಿಯಬೇಕಾದದ್ದೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಗದ್ದೆಯೇ ಊರಿನ ಬೆನ್ನೆಲುಬು

ಹಳೆಯ ಕಾಲದಲ್ಲಿ ಮಂಜರಾಬಾದ್ ಎಂದು ಹೆಸರಾಗಿದ್ದ ಈ ಸೀಮೆಯ ಸಂಪತ್ತು ಗುಡ್ಡದಲ್ಲಿರಲಿಲ್ಲ, ಗುಡ್ಡಗಳ ನಡುವಣ ತಗ್ಗಿನಲ್ಲಿತ್ತು. ಹಳ್ಳದ ನೀರನ್ನು ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಬಿಟ್ಟ ಭತ್ತದ ಗದ್ದೆಗಳೇ ಊರಿನ ಉಸಿರು. ಕಾಡಿನ ನೆರಳಿನಲ್ಲಿ ಏಲಕ್ಕಿ, ಹಿತ್ತಿಲಲ್ಲಿ ಬಾಳೆ, ಮೆಣಸು, ಕೊಟ್ಟಿಗೆಯಲ್ಲಿ ದನಕರು ಇದ್ದರೂ ವರ್ಷದ ಲೆಕ್ಕ ನಡೆಯುತ್ತಿದ್ದುದು ಭತ್ತದ ಮೇಲೆ. ಅಕ್ಕಿ ಮನೆಗೆ, ಹುಲ್ಲು ದನಕ್ಕೆ, ದನದ ಗೊಬ್ಬರ ಮತ್ತೆ ಗದ್ದೆಗೆ. ಹೊರಗಿನಿಂದ ಕೊಳ್ಳಬೇಕಾದದ್ದು ಉಪ್ಪು, ಬಟ್ಟೆ, ಕಬ್ಬಿಣ, ಬೆಳ್ಳಿ ಬಂಗಾರ ಇಷ್ಟೇ.

ಗದ್ದೆ ಒಬ್ಬರಿಂದ ಆಗುವ ಕೆಲಸವಲ್ಲ. ನಾಟಿಯ ಹದ ನಾಲ್ಕಾರು ದಿನ ಮಾತ್ರ ಇರುತ್ತದೆ. ಅಷ್ಟರೊಳಗೆ ಸಸಿ ಕಿತ್ತು ನೆಡಬೇಕಾದರೆ ನೆರೆಹೊರೆಯ ಕೈ ಬೇಕೇ ಬೇಕು. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಎಂಬ ಮುಯ್ಯಾಳಿನ ಪದ್ಧತಿ ಇದರಿಂದ ಬೆಳೆಯಿತು. ಕೊಯ್ಲು ಮುಗಿದು ಕಣದಲ್ಲಿ ರಾಶಿ ಮಾಡಿದಾಗ ಮನೆಗೆ ಭತ್ತ ಹೊರುವ ಮೊದಲು ಕಮ್ಮಾರ, ಬಡಗಿ, ಅಗಸ, ಕ್ಷೌರಿಕ ಮೊದಲಾದ ಆಯಗಾರರಿಗೆ ಅವರವರ ಪಾಲು ಅಳೆದು ಕೊಡಲಾಗುತ್ತಿತ್ತು. ಅಯ್ಯನವರಿಗೆ, ಗುಡಿಗೆ, ಮಠದ ದಾಸೋಹಕ್ಕೆ ಸಲ್ಲುವುದೂ ಆ ರಾಶಿಯಿಂದಲೇ. ಸುಗ್ಗಿಯ ಹಬ್ಬ ಊರೆಲ್ಲ ಸೇರಿ ಆಚರಿಸುವ ಹಬ್ಬವಾದದ್ದು ಆಕಸ್ಮಿಕವಲ್ಲ. ಊರೆಲ್ಲ ದುಡಿದದ್ದರಿಂದಲೇ ಊರೆಲ್ಲದರ ಹಬ್ಬವಾಯಿತು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಇಂಗ್ಲಿಷ್ ಪ್ಲಾಂಟರುಗಳು ಮಂಜರಾಬಾದಿಗೆ ಬಂದು ಕಾಫಿ ತೋಟಗಳನ್ನು ತೆರೆದರು. 1850ರ ದಶಕದಲ್ಲಿ ಇಲ್ಲಿ ನೆಲೆಸಿದ ರಾಬರ್ಟ್ ಎಲಿಯಟ್ ಎಂಬಾತ ತನ್ನ ಅನುಭವವನ್ನು ಪುಸ್ತಕ ಮಾಡಿ 1894ರಲ್ಲಿ ಪ್ರಕಟಿಸಿದನು. ಅವರನ್ನು ನೋಡಿ ನಮ್ಮ ಮನೆತನಗಳೂ ಕಾಫಿಗೆ ಕೈಯಿಟ್ಟವು. ಆದರೂ ಬಹುಕಾಲ ಕಾಫಿ ಗುಡ್ಡದಲ್ಲಿ, ಭತ್ತ ತಗ್ಗಿನಲ್ಲಿ ಎಂಬ ಸಮತೋಲ ಕೆಡಲಿಲ್ಲ. ಕಾಫಿ ಕೈಗೆ ಕಾಸು ಕೊಟ್ಟಿತು, ಕಣಜ ತುಂಬುವ ಕೆಲಸ ಗದ್ದೆಯದೇ ಆಗಿತ್ತು.

ಹೊಳೆಗೆ ಕಟ್ಟೆ

ಹೇಮಾವತಿಗೆ ಅಣೆಕಟ್ಟೆ ಕಟ್ಟುವ ವಿಚಾರಕ್ಕೆ ದೀರ್ಘವಾದ ಹಿನ್ನೆಲೆಯಿದೆ. ಕಾವೇರಿ ನೀರಿನ ಬಗ್ಗೆ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ 1924ರಲ್ಲಿ ಒಪ್ಪಂದವಾಯಿತು. ಕಾವೇರಿಯ ಉಪನದಿಗಳಿಗೆ ಜಲಾಶಯ ಕಟ್ಟುವ ಮಾತು ಆ ಕಾಲದಿಂದಲೂ ಇತ್ತು. 1960ರ ದಶಕದ ಕೊನೆಯ ವೇಳೆಗೆ ಕರ್ನಾಟಕವು ಕಬಿನಿ, ಹಾರಂಗಿ, ಹೇಮಾವತಿಗಳ ಕಾಮಗಾರಿಗಳನ್ನು ಕೈಗೊಂಡಿತು. ಹಾಸನ ತಾಲ್ಲೂಕಿನ ಗೊರೂರಿನ ಬಳಿ ಹೇಮಾವತಿ ಅಣೆಕಟ್ಟೆ 1979ರಲ್ಲಿ ಪೂರ್ಣಗೊಂಡಿತು. ಜಲಾಶಯದ ಪೂರ್ಣ ಮಟ್ಟ 2,922 ಅಡಿ, ಸಾಮರ್ಥ್ಯ 37.10 ಟಿ.ಎಂ.ಸಿ. ತುಂಬಿದಾಗ ನೀರು ಹರಡಿ ನಿಲ್ಲುವ ವಿಸ್ತಾರ ಸುಮಾರು 8,500 ಹೆಕ್ಟೇರ್, ಎಂದರೆ ಇಪ್ಪತ್ತು ಸಾವಿರ ಎಕರೆಗೂ ಮಿಗಿಲು.

ಗೊರೂರು ಎಂದೊಡನೆ ಕನ್ನಡಿಗರಿಗೆ ನೆನಪಾಗುವವರು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು. 1904ರಲ್ಲಿ ಜನಿಸಿ 1991ರಲ್ಲಿ ಅಗಲಿದ ಅವರು ಹೇಮಾವತಿಯ ದಂಡೆಯ ಹಳ್ಳಿಗಳ ಬಾಳನ್ನು ನಗುನಗುತ್ತಲೇ ಸಾಹಿತ್ಯದಲ್ಲಿ ಉಳಿಸಿದರು. ಅವರು ಕಂಡ ಹೊಳೆ ಹರಿಯುವ ಹೊಳೆ. ಅದೇ ಊರಿನ ಹೆಸರಿನ ಕಟ್ಟೆ ಆ ಹೊಳೆಯನ್ನು ಹಿಡಿದು ನಿಲ್ಲಿಸಿತು.

ಅಣೆಕಟ್ಟೆಯ ನೀರು ಮೊದಲು ಆವರಿಸುವುದು ಅತಿ ತಗ್ಗಿನ ನೆಲವನ್ನು. ಹೊಳೆದಂಡೆಯ ಸೀಮೆಯಲ್ಲಿ ಅತಿ ತಗ್ಗಿನ ನೆಲವೆಂದರೆ ಅತಿ ಫಲವತ್ತಾದ ಗದ್ದೆ. ಎತ್ತರದ ಖುಷ್ಕಿ, ಕಲ್ಲುದಿಬ್ಬ ಉಳಿದವು. ಮೆಕ್ಕಲು ಮಣ್ಣಿನ ಗದ್ದೆ ಹೋಯಿತು. ಹಲವರಿಗೆ ಮನೆಯೂ ಹೋಯಿತು. ಮನೆ ಉಳಿದು ಗದ್ದೆ ಮಾತ್ರ ಕಳೆದುಕೊಂಡವರ ಪಾಡು ಇನ್ನೂ ವಿಚಿತ್ರ. ಊರು ಅಲ್ಲೇ ಇದೆ, ಊರನ್ನು ಊರಾಗಿಸಿದ್ದ ದುಡಿಮೆ ಇಲ್ಲ.

ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿಗೆ ಈಗ ಪ್ರವಾಸಿಗರು ಹೋಗುತ್ತಾರೆ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು ಅಲ್ಲಿ ಪಾಳಾಗಿ ನಿಂತಿದೆ. ಮಳೆಗಾಲದಲ್ಲಿ ಅದರ ಗೋಡೆಗಳು ನೀರಿನೊಳಗೆ ಅರ್ಧ ಮುಳುಗುತ್ತವೆ, ಬೇಸಗೆಯಲ್ಲಿ ಸುತ್ತ ಹಸಿರು ಹುಲ್ಲು ಹಬ್ಬುತ್ತದೆ. ನೋಡಲು ಸೊಗಸೇ ಸರಿ. ಆದರೆ ಆ ಚರ್ಚಿಗೆ ಬರುತ್ತಿದ್ದ ಒಕ್ಕಲುಗಳು ಎಲ್ಲಿಗೆ ಹೋದವು ಎಂದು ಚಿತ್ರ ತೆಗೆಯುವವರು ಕೇಳುವುದು ವಿರಳ. ನೀರಿಗೆ ಮತಭೇದವಿಲ್ಲ. ಚರ್ಚಿನ ಊರಿಗಾದದ್ದೇ ಗುಡಿಯ ಊರಿಗೂ ಆಯಿತು.

ಭೂಮಿಗೆ ಬದಲು ಭೂಮಿ

ಮುಳುಗಡೆಯಾದವರಿಗೆ ಪರಿಹಾರದ ಹಣದೊಂದಿಗೆ ಬದಲಿ ಭೂಮಿ ಕೊಡುವ ವ್ಯವಸ್ಥೆಯನ್ನು ಸರ್ಕಾರ ಮಾಡಿತು. ಸಕಲೇಶಪುರ, ಆಲೂರು ಸೇರಿದಂತೆ ಜಿಲ್ಲೆಯ ಹಲವು ತಾಲ್ಲೂಕುಗಳಲ್ಲಿ ಸರ್ಕಾರಿ ನೆಲವನ್ನು ಇದಕ್ಕಾಗಿ ಮೀಸಲಿಡಲಾಯಿತು. ಜನರ ಬಾಯಲ್ಲಿ ಅದು ಇಂದಿಗೂ ‘ಎಚ್.ಆರ್.ಪಿ. ಜಮೀನು’.

ಹೊಳೆದಂಡೆಯ ಒಕ್ಕಲಿಗೆ ಮಲೆಯ ನೆಲ ಒಗ್ಗುವುದು ಸುಲಭವಲ್ಲ. ಮಳೆ ಬೇರೆ, ಮಣ್ಣು ಬೇರೆ, ಬೆಳೆಯೇ ಬೇರೆ. ಭತ್ತವಾದರೆ ಆರು ತಿಂಗಳಿಗೆ ಕೈಗೆ ಬರುತ್ತದೆ. ಕಾಫಿ ಗಿಡ ನೆಟ್ಟವನು ಮೂರು ನಾಲ್ಕು ವರ್ಷ ಕಾಯಬೇಕು. ಕಾಯುವ ಕಾಲಕ್ಕೆ ಊಟವೆಲ್ಲಿಂದ ಎಂಬ ಪ್ರಶ್ನೆ ಬಡವನನ್ನು ಹಿಂಡುತ್ತದೆ. ಬಹುಮಂದಿ ಆ ನೆಲವನ್ನು ಕಣ್ಣಿಂದ ನೋಡುವ ಮೊದಲೇ ಕಾಗದವನ್ನು ಅಲ್ಪ ಬೆಲೆಗೆ ಇತರರಿಗೆ ಬಿಟ್ಟುಕೊಡಲು ಇದೇ ಕಾರಣ. ಮುಂದೆ ಸಂತ್ರಸ್ತರಲ್ಲದವರ ಹೆಸರಿಗೂ ಭೂಮಿ ಮಂಜೂರಾಗಿದೆ ಎಂಬ ದೂರುಗಳೆದ್ದು ತನಿಖೆಗಳು ನಡೆದವು. ಮೀಸಲು ನೆಲ ಕಂದಾಯದ್ದೋ ಅರಣ್ಯದ್ದೋ ಎಂಬ ತಕರಾರುಗಳೂ ಸೇರಿಕೊಂಡವು. ನೀರು ನಿಂತು ದಶಕಗಳು ಕಳೆದರೂ ಕಚೇರಿಯ ಅಲೆದಾಟ ಮುಗಿಯದ ಮನೆಗಳಿವೆ.

ದಂಡೆಯಲ್ಲೇ ಉಳಿದವರು ಹೊಸ ದುಡಿಮೆಗಳನ್ನು ಹುಡುಕಿಕೊಂಡರು. ಬೇಸಗೆಯಲ್ಲಿ ನೀರು ಹಿಂದೆ ಸರಿದಾಗ ಬಯಲಾಗುವ ನೆಲದ ಹುಲ್ಲು ದನಗಳಿಗೆ ಮೇವಾಯಿತು. ಹಾಲು ಡೇರಿಗೆ ಹೋಗತೊಡಗಿತು. ಜಲಾಶಯದಲ್ಲಿ ಕಾಟ್ಲಾ, ರೋಹು, ಗೆಂಡೆ ಮೀನುಗಳ ಹಿಡಿತ ಬೆಳೆಯಿತು. ಅಂಬಿಗರ ಚೌಡಯ್ಯನವರ ಕಾಯಕವನ್ನು ಗೌರವಿಸುವ ನಾವು ಆ ದುಡಿಮೆಯನ್ನು ಕೀಳೆನ್ನಲಾರೆವು. ಆದರೆ ಗದ್ದೆ ಕಳೆದುಕೊಂಡ ನಮ್ಮ ಒಕ್ಕಲುಗಳಿಗೆ ಅದು ಬದುಕಾಗಲಿಲ್ಲ. ಖುಷ್ಕಿಯಲ್ಲಿ ಆಲೂಗಡ್ಡೆ ಒಂದು ಕಾಲಕ್ಕೆ ಕೈಹಿಡಿಯಿತು. ಹಾಸನದ ಆಲೂಗಡ್ಡೆಗೆ ನಾಡೆಲ್ಲ ಹೆಸರಿತ್ತು. ಪಂಜಾಬಿನಿಂದ ತಂದ ಬಿತ್ತನೆಗಡ್ಡೆಯ ಬೆಲೆ, ಅಂಗಮಾರಿ ರೋಗ ಇವೆರಡೂ ಸೇರಿ ಆ ಬೆಳೆಯನ್ನು ಕುಗ್ಗಿಸಿದವು. ಅನಂತರ ಶುಂಠಿ, ಮೆಕ್ಕೆಜೋಳ ಬಂದವು. ಎಲ್ಲವೂ ಪೇಟೆಯ ಬೆಲೆಗೆ ಕಾದು ಕುಳಿತ ಬೆಳೆಗಳೇ. ಬೆಲೆ ಬಿದ್ದ ವರ್ಷ ಶುಂಠಿಯನ್ನು ಅನ್ನದಂತೆ ಉಣ್ಣಲಾಗುವುದಿಲ್ಲವಷ್ಟೆ.

ನೀರು ಹೋದ ದಾರಿ

ಜಲಾಶಯದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಅದರ ನಾಲೆಗಳು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಬರಡು ನೆಲಕ್ಕೆ ನೀರೂಡಿಸಿವೆ. ತುಮಕೂರು ನಗರ ಕುಡಿಯುವುದು ಹೇಮಾವತಿಯನ್ನೇ. ಸಿದ್ಧಗಂಗೆಯ ಸೀಮೆಗೆ ನಮ್ಮ ಹೊಳೆಯ ನೀರು ಸಂದಿತೆಂದರೆ ಸಂತೋಷಪಡಬೇಕಾದ ಮಾತೇ. ಆದರೆ ನಾಲೆಗಳು ಕಟ್ಟೆಯಿಂದ ಮುಂದಕ್ಕೆ ಹರಿಯುತ್ತವೆ, ಹಿನ್ನೀರಿನ ಊರುಗಳಿರುವುದು ಕಟ್ಟೆಯ ಹಿಂದೆ, ನೀರಿನ ಮಟ್ಟದ ಮೇಲೆ. ನೆಲ ಕೊಟ್ಟವರ ಕಣ್ಣೆದುರಿಗೆ ನೀರಿದೆ, ಹೊಲಕ್ಕೆ ಮಳೆಯೇ ಗತಿ.

2025ರಲ್ಲಿ ಹೇಮಾವತಿಯ ಲಿಂಕ್ ನಾಲೆಯ ವಿಚಾರವಾಗಿ ತುಮಕೂರು ಜಿಲ್ಲೆಯಲ್ಲಿ ದೊಡ್ಡ ಪ್ರತಿಭಟನೆಗಳು ನಡೆದವು. ನೀರು ಪಡೆಯುವ ಸೀಮೆಗಳ ನಡುವಣ ವಾದದಲ್ಲಿ ನೀರಿಗೆ ನೆಲ ಬಿಟ್ಟ ಊರುಗಳ ಹೆಸರು ಬರುವುದು ವಿರಳ. ಈಗ ಘಟ್ಟದ ಪಡುವಣ ಮಗ್ಗುಲಿನ ನೀರಿಗೂ ಅದೇ ದಾರಿ ತೆರೆದಿದೆ. ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ ನಮ್ಮ ಸಕಲೇಶಪುರ ತಾಲ್ಲೂಕಿನಲ್ಲೇ 2024ರ ಸೆಪ್ಟೆಂಬರ್ 6ರಂದು ಚಾಲನೆ ದೊರೆಯಿತು. ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಬಯಲು ಜಿಲ್ಲೆಗಳಿಗೆ 24.01 ಟಿ.ಎಂ.ಸಿ. ನೀರೊಯ್ಯುವುದು ಅದರ ಗುರಿ. ಬಾಯಾರಿದವರಿಗೆ ನೀರು ಬೇಡವೆನ್ನುವುದು ಧರ್ಮವಲ್ಲ. ಕೊಡುವ ಸೀಮೆಯನ್ನು ಮರೆಯುವುದೂ ಧರ್ಮವಲ್ಲ.

ನೀರಿಲ್ಲದೆಯೇ ಮುಳುಗಿದ ಗದ್ದೆಗಳು

ಹಿನ್ನೀರಿನ ಕಥೆ ಕೆಳಗಿನವರದು, ನಮಗೇನು ಎಂದು ಮಲೆಯವರು ಹೇಳುವಂತಿಲ್ಲ. ಮುಳುಗಡೆಗಾಗಿ ಜನ ತೆರವಾದ ನೆಲದಲ್ಲಿ ಪೊದೆ, ಹುಲ್ಲು ಬೆಳೆದು, ಪಕ್ಕದಲ್ಲೇ ಬತ್ತದ ನೀರೂ ಇದ್ದುದರಿಂದ ಕಾಡಾನೆಗಳಿಗೆ ಅದು ಆಸರೆಯಾಯಿತು. ಆನೆಯ ಹಾದಿಗಳು ಮೊದಲೇ ತುಂಡಾಗಿದ್ದ ಸೀಮೆಯಿದು. ಆಲೂರು, ಸಕಲೇಶಪುರಗಳಲ್ಲಿ ಬೆಳೆಹಾನಿ, ಜೀವಹಾನಿಗಳು ಹೆಚ್ಚಿದವು. ಉಚ್ಚ ನ್ಯಾಯಾಲಯ ನೇಮಿಸಿದ ಆನೆ ಕಾರ್ಯಪಡೆ 2012ರಲ್ಲಿ ವರದಿ ನೀಡಿದ ಮೇಲೆ, 2014ರ ಸುಮಾರಿಗೆ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಬೇರೆ ಆನೆಗಳು ಆ ಜಾಗವನ್ನು ತುಂಬಿದವು. ಎಂಟು ಬಾರಿ ಮೈಸೂರು ದಸರೆಯ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಯಸಳೂರಿನ ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಮಡಿದದ್ದು ನಾಡೇ ಕಣ್ಣೀರಿಟ್ಟ ಸಂಗತಿ.

ಆನೆ ಮೊದಲು ಇಳಿಯುವುದು ಹಾಲುಗಟ್ಟಿದ ಭತ್ತಕ್ಕೆ. ಒಂದು ರಾತ್ರಿಯಲ್ಲಿ ವರ್ಷದ ದುಡಿಮೆ ನೆಲಕ್ಕೆ ಹೋಗುತ್ತದೆ. ಇದಕ್ಕೆ ಆಳಿನ ಅಭಾವ ಸೇರಿತು. ಕಾಫಿಯ ಮಾರಾಟ ಹಿಂದೆ ಕಾಫಿ ಮಂಡಳಿಯ ಪೂಲ್ ಪದ್ಧತಿಯಲ್ಲಿತ್ತು. ಅದು 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಎಲ್ಲ ಬೆಳೆಗಾರರಿಗೂ ಮುಕ್ತವಾದಾಗ, ಗದ್ದೆಯ ಅಂಚಿಗೂ ಕಾಫಿ ಗಿಡ ಇಳಿಯಿತು. ಹಾನುಬಾಳು, ಹೆತ್ತೂರು, ಯಸಳೂರು ಸೀಮೆಗಳಲ್ಲಿ ಹಡಲು ಬಿದ್ದ ಗದ್ದೆಗಳನ್ನು ಎಣಿಸುತ್ತ ಹೋದರೆ, ನೀರಿಲ್ಲದೆಯೇ ಮುಳುಗಡೆಯಾದ ಸೀಮೆಯಿದು ಎನಿಸುತ್ತದೆ.

2000ದ ನಂತರದ ಕೆಲವು ವರ್ಷ ಕಾಫಿ ಬೆಲೆ ಪಾತಾಳಕ್ಕಿಳಿದಾಗ ಸಾಲದಲ್ಲಿ ಸಿಕ್ಕ ಮನೆಗಳನ್ನು ನಾವು ಬಲ್ಲೆವು. 2024ರಿಂದ ಈಚೆಗೆ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೂ ಏರಿತು. ಏರಿದ ಬೆಲೆಯಲ್ಲಿ ಮನೆ ಕಟ್ಟುವುದು ತಪ್ಪಲ್ಲ. ಅದೇ ಬೆಲೆ ಸದಾ ಇರುವುದೆಂದು ನಂಬಿ ಅನ್ನದ ನೆಲವನ್ನು ಪೂರ್ತಿ ಬಿಟ್ಟುಕೊಡುವುದು ವಿವೇಕವಲ್ಲ. ಕೆಳಗಿನವರು ಗದ್ದೆಯನ್ನು ಸರ್ಕಾರದ ಆಜ್ಞೆಯಿಂದ ಕಳೆದುಕೊಂಡರು. ನಾವು ನಮ್ಮ ಕೈಯಾರೆ ಬಿಡುತ್ತಿದ್ದೇವೆ. ಎರಡೂ ಕಡೆ ಮುಯ್ಯಾಳು ಹೋಯಿತು, ಕಣ ಹೋಯಿತು, ಸುಗ್ಗಿ ಉತ್ಸವವಾಗಿ ಮಾತ್ರ ಉಳಿಯಿತು. ಗದ್ದೆಯಿದ್ದಾಗ ಊರೆಲ್ಲ ಒಂದು ಮನೆ, ತೋಟ ಮಾತ್ರವಿದ್ದಾಗ ಮನೆಮನೆಯೂ ಒಂದೊಂದು ಅಂಗಡಿ.

ನಮ್ಮ ಮನೆಗಳು ಮಾಡಬಹುದಾದದ್ದು

ಅಣೆಕಟ್ಟೆಯನ್ನು ಹಿಂದಕ್ಕೆ ತರುವಂತಿಲ್ಲ, ಆನೆಯೊಡನೆ ಜಗಳವಾಡುವಂತಿಲ್ಲ. ಆದರೂ ಮೂರು ಕೆಲಸಗಳು ನಮ್ಮ ಕೈಯಲ್ಲಿವೆ.

ಮೊದಲನೆಯದು, ನೆನಪನ್ನು ಬರೆದಿಡುವುದು. 1979ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಅರವತ್ತೈದು ದಾಟಿದ್ದಾರೆ. ಮುಳುಗಿದ ಊರಿನ ಗುಡಿ, ಬಾವಿ, ಗದ್ದೆಗಳ ಹೆಸರು, ಯಾರ ಮನೆ ಯಾವ ಊರಿಗೆ ಹೋಯಿತು ಎಂಬುದೆಲ್ಲ ಅವರ ನಾಲಗೆಯ ಮೇಲಿದೆ. ಮಕ್ಕಳು ರಜೆಗೆ ಬಂದಾಗ ಒಂದು ನೋಟ್‌ಬುಕ್ಕಿನಲ್ಲಿ ಇದನ್ನು ಬರೆಸಿಕೊಳ್ಳಬೇಕು.

ಎರಡನೆಯದು, ಕಾಗದಪತ್ರಗಳು. ಭೂಸ್ವಾಧೀನದ ನೋಟೀಸು, ಪರಿಹಾರದ ರಸೀದಿ, ಮಂಜೂರಾತಿ ಪತ್ರ, ಪಹಣಿ ಇವುಗಳನ್ನು ಪೆಟ್ಟಿಗೆಯ ತಳದಲ್ಲಿ ಗೆದ್ದಲಿಗೆ ಬಿಡದೆ ಪ್ರತಿ ಮಾಡಿಸಿ ಮನೆಯ ಎಲ್ಲರಿಗೂ ತಿಳಿಯುವಂತೆ ಇಡಬೇಕು. ಹೆಣ್ಣುಮಕ್ಕಳಿಗೂ ತಿಳಿದಿರಬೇಕು. ನಿಜವಾದ ಸಂತ್ರಸ್ತರ ಕಾಗದ ಮಧ್ಯವರ್ತಿಯ ಕೈ ಸೇರುವುದು ಮನೆಯವರ ಅಜ್ಞಾನದಿಂದಲೇ ಹೆಚ್ಚು.

ಮೂರನೆಯದು, ಉಳಿದ ಗದ್ದೆಯಲ್ಲಿ ಒಂದು ಪಾಲನ್ನಾದರೂ ಉಳುವುದು. ಒಬ್ಬರೇ ನೆಟ್ಟ ಗದ್ದೆಯನ್ನು ಕಾಯುವುದು ಕಷ್ಟ. ಒಂದು ಬಯಲಿನ ಎಲ್ಲ ಹಿಡುವಳಿದಾರರು ಒಟ್ಟಾಗಿ ನೆಟ್ಟರೆ ಸರದಿಯ ಮೇಲೆ ಕಾವಲಿರಬಹುದು, ಯಂತ್ರವನ್ನು ಒಟ್ಟಾಗಿ ಬಾಡಿಗೆಗೆ ತರಬಹುದು. ಲಾಭದ ಲೆಕ್ಕದಲ್ಲಿ ಇದು ಸಣ್ಣದು. ಆದರೆ ಗದ್ದೆಯಲ್ಲಿ ನಿಂತ ನೀರು ನೆಲಕ್ಕಿಂಗಿ ಊರಿನ ಬಾವಿಗಳನ್ನೂ ಹೊಳೆಯ ಬೇಸಗೆಯ ಹರಿವನ್ನೂ ಕಾಯುತ್ತದೆ ಎಂಬುದನ್ನು ಆ ಲೆಕ್ಕಕ್ಕೆ ಸೇರಿಸಿ ನೋಡಬೇಕು. ಈ ವರ್ಷದ ಮುಂಗಾರಿಗೆ ಮುನ್ನ ಊರಿನ ಹಿರಿಯರೂ ಯುವಕರೂ ಒಂದು ಸಂಜೆ ಗುಡಿಯ ಕಟ್ಟೆಯ ಮೇಲೆ ಕುಳಿತು, ಯಾವ ಬಯಲನ್ನು ಮೊದಲು ಉಳಬೇಕೆಂದು ತೀರ್ಮಾನಿಸಲಿ.