ಕ್ಯಾಂಪಸ್ ವೈಫೈಗೆ ಪಾಸ್‌ವರ್ಡ್ ಒಂದೇ ಏಕೆ ಸಾಲದು?

ಪ್ರಶ್ನೆ: ವಿಶ್ವವಿದ್ಯಾಲಯದ ‘ಎಡುರೋಮ್’ ವೈಫೈಗೆ ಫೋನನ್ನು ನಾವೇ ಜೋಡಿಸುವಾಗ ಸರ್ಟಿಫಿಕೇಟ್, ಡೊಮೇನ್ ಎಂದೆಲ್ಲ ಕೇಳುವುದೇಕೆ?

ಉತ್ತರ: ಮನೆಯ ವೈಫೈಗೆ ಎಲ್ಲರಿಗೂ ಒಂದೇ ಪಾಸ್‌ವರ್ಡ್, ಇಲ್ಲಿ ಒಬ್ಬೊಬ್ಬರಿಗೂ ಬೇರೆ. ಎಡುರೋಮ್ ಹಲವು ದೇಶಗಳ ವಿದ್ಯಾಸಂಸ್ಥೆಗಳು ಹಂಚಿಕೊಂಡ ಜಾಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿ ಜರ್ಮನಿಯ ಕ್ಯಾಂಪಸ್ಸಿನಲ್ಲಿ ಫೋನ್ ತೆರೆದರೂ ಗುರುತು ಪರೀಕ್ಷಿಸುವುದು ಬೆಂಗಳೂರಿನ ಸರ್ವರೇ. ಬಳಕೆದಾರರ ಹೆಸರಿನಲ್ಲಿ ‘ಆ್ಯಟ್’ ಚಿಹ್ನೆಯ ನಂತರದ ಭಾಗವೇ ಅಲ್ಲಿಗೆ ದಾರಿ ತೋರುವ ವಿಳಾಸ.

ಆದರೆ ‘ಎಡುರೋಮ್’ ಎಂಬ ಹೆಸರನ್ನು ಯಾರು ಬೇಕಾದರೂ ತಮ್ಮ ರೂಟರಿಗೆ ಇಡಬಹುದು! ಎದುರಿಗಿರುವುದು ಅಸಲಿ ಸರ್ವರೇ ಎಂದು ಫೋನ್ ತಿಳಿಯುವುದು ಸರ್ಟಿಫಿಕೇಟ್ ಮತ್ತು ಡೊಮೇನ್‌ನಿಂದ. ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ‘ಪರಿಶೀಲನೆ ಬೇಡ’ ಎಂಬ ಆಯ್ಕೆಯಿದೆ. ದಯವಿಟ್ಟು ಅದನ್ನು ಒತ್ತಬೇಡಿ. ಒತ್ತಿದರೆ ನಿಮ್ಮ ಪಾಸ್‌ವರ್ಡ್ ನಕಲಿ ಸರ್ವರಿನ ಪಾಲಾಗಬಹುದು, ಎಷ್ಟೋ ಕಡೆ ಇಮೇಲ್‌ಗೂ ಅದೇ ಪಾಸ್‌ವರ್ಡ್ ಇರುತ್ತದೆ. ಸರಿಯಾದ ಡೊಮೇನ್ ಹೆಸರನ್ನು ನಿಮ್ಮ ಸಂಸ್ಥೆಯ ಐಟಿ ವಿಭಾಗದಲ್ಲೇ ಕೇಳಿ ಪಡೆಯಿರಿ.